ಹಿಂದಕ್ಕೆ ಮುಖಮಾಡಿದ ಸೀಟು

ಜೈಲು, ತಾಯಿ-ಮಕ್ಕಳ ವಿಭಾಗ
10 ಫೆಬ್ರವರಿ 2019

ಅಪ್ಪ,

ಇಲ್ಲಿ ಫೋನಿಗೆ ಸಿಗುವುದು ಹತ್ತು ನಿಮಿಷ, ಬೆನ್ನ ಹಿಂದೆ ಸಾಲು ನಿಂತಿರುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ನಿಧಾನವಾಗಿ ಓದು, ಕನ್ನಡಕ ಹಾಕಿಕೊಂಡು ಓದು.

ಆಂಗೆಲ್‌ಗೆ ಐದು ತಿಂಗಳಾಗುತ್ತಾ ಬಂತು. ಕತ್ತು ಗಟ್ಟಿಯಾಗಿ ನಿಂತಿದೆ. ನಿನ್ನ ಕಿವಿಗಳೇ ಅವನಿಗೂ ಬಂದಿವೆ, ಪಾಪ. ನಿನ್ನೆ ಇಲ್ಲಿಯ ಸಮಾಜ ಕಲ್ಯಾಣದ ಮೇಡಮ್ ಕರೆಸಿದ್ದರು. "ಸೆಪ್ಟೆಂಬರ್ ಇಪ್ಪತ್ತಕ್ಕೆ ವರ್ಷ ತುಂಬುತ್ತೆ. ಆಮೇಲೆ ಮಗು ಇಲ್ಲಿರೋ ಹಾಗಿಲ್ಲ. ಕರ್ಕೊಂಡು ಹೋಗೋರು ಯಾರಿದ್ದಾರೆ?" ಅಂದರು. ನಮ್ಮಪ್ಪ ಅಮ್ಮ ಇದ್ದಾರೆ ಅಂದೆ. ಅವನಪ್ಪ ಸ್ಪೇನಿಗೆ ಹೋದವನು ಒಂದು ಕಾರ್ಡೂ ಹಾಕಿಲ್ಲ ಅಂತಲೂ ಅಂದೆ. ಅವರು ಕಡತ ತೆಗೆದು ಮೊದಲ ಪುಟ ಓದಿದರು. ನಾನು ಓಡಿಸುತ್ತಿದ್ದ ಕಾರು ಮೊಪೆಡ್‌ಗೆ ಗುದ್ದಿ ಅದರ ಸವಾರ ಸತ್ತದ್ದು, ಅಜ್ಜಿಯ ತೊಡೆಯ ಮೇಲಿದ್ದ ನನ್ನ ಎರಡು ವರ್ಷದ ಮಗಳು ಇಲಿಂಕಾ ಸತ್ತದ್ದು, ನನಗೆ ನಾಲ್ಕು ವರ್ಷ ಶಿಕ್ಷೆಯಾದದ್ದು. ಅಷ್ಟನ್ನೂ ಒಂದೇ ಉಸಿರಿಗೆ ಓದಿ ಮುಗಿಸಿದರು.

ಆಮೇಲೆ ಹೇಳಿದರು: "ಮನೇಲಿ ಮಂಚ, ಬಿಸಿನೀರು ಎಲ್ಲಾ ನೋಡೋಕೆ ಬರ್ತಾರೆ. ಆದ್ರೆ ಒಂದು ಮಾತು ಕೇಳ್ಕೋ ತಾಯಿ, ಕಾರಲ್ಲಿ ಮಗುವಿನ ಸೀಟು ಸರಿಯಾಗಿ ಕಟ್ಟಿಲ್ಲ ಅಂದ್ರೆ ಗೇಟಿಂದಾಚೆ ಬಿಡಲ್ಲ. ನಿನ್ನ ಕೇಸು ಅಂಥದ್ದು. ಇಲ್ಲಾಂದ್ರೆ ಮಗು ಸರ್ಕಾರದ ಸಾಕುಮನೆಗೆ ಹೋಗುತ್ತೆ."

ಅಪ್ಪ, ಒಂದು ಸೀಟು ನೋಡು. ಎರಡು ಕಡೆಗೂ ತಿರುಗಿಸಿ ಕಟ್ಟುವಂಥದ್ದು ಬರುತ್ತದೆ. ಮಗು ಸಣ್ಣದಿರುವಾಗ ಹಿಂದಿನ ಗಾಜಿನ ಕಡೆ ಮುಖ, ಬೆಳೆದ ಮೇಲೆ ಮುಂದಕ್ಕೆ. ಒಂದನ್ನೇ ಕೊಂಡರೆ ನಾಲ್ಕು ವರ್ಷದವರೆಗೂ ನಡೆಯುತ್ತದೆ. ದುಬಾರಿಯದು ಬೇಡ, ನಿನ್ನ ಪಿಂಚಣಿ ನನಗೆ ಗೊತ್ತು. ಆದರೆ ನಿನ್ನ ಈಗಿನ ಬೆಂಕಿಪೊಟ್ಟಣದಂಥ ಕಾರಿನಲ್ಲಿ ಅದು ಹಿಡಿಸುತ್ತದೆಯೇ, ಅಳೆದು ನೋಡು.

ಅಮ್ಮನಿಗೆ ನೀನೇ ಹೇಳು. ನಾನು ಇಲ್ಲಿಗೆ ಬಂದ ಮೇಲೆ ಅವಳು ನನಗೆ ಒಂದು ಸಾಲೂ ಬರೆದಿಲ್ಲ.

ನಿನ್ನ ಲಾವಿ


ಫಿಲಿಯಾಶಿ
3 ಮಾರ್ಚ್ 2019

ಮಗಳೇ ಲಾವಿ,

ಅಳೆದೆ. ಮೂವತ್ತೆರಡು ವರ್ಷ ರೈಲು ಡಬ್ಬಿಗಳ ಸೀಟಿಗೆ ಗಾದಿ ಹೊಲಿದವನಿಗೆ ಅಳೆಯುವುದನ್ನು ಹೇಳಿಕೊಡಬೇಡ. ಹಿಂದಕ್ಕೆ ಮುಖಮಾಡಿದ ಸೀಟು ಒರಗಿ ನಿಲ್ಲಬೇಕಲ್ಲ, ಆಗ ಅದರ ಬೆನ್ನು ಮುಂದಿನ ಸೀಟಿಗೆ ತಗಲುತ್ತದೆ. ಮುಂದಿನ ಸೀಟನ್ನು ಎಳೆದು ಎಳೆದು ಗಾಜಿಗೆ ಮುತ್ತಿಡಿಸಬೇಕು. ನನ್ನ ಹಿಂದೆ ಕಟ್ಟೋಣ ಅಂದರೆ ನನ್ನ ಕಾಲುಗಳ ಉದ್ದ ನಿನಗೆ ಗೊತ್ತೇ ಇದೆ. ಮಧ್ಯದಲ್ಲಿ ಸೊಂಟದ ಬೆಲ್ಟು ಮಾತ್ರ, ಭುಜದ್ದು ಇಲ್ಲ. ಮುಂದೆ ಕಟ್ಟೋಣ ಅಂದರೆ ಏರ್‌ಬ್ಯಾಗ್ ಇದೆ, ಅದನ್ನು ಆಫ್ ಮಾಡುವ ಗುಂಡಿ ಇಲ್ಲ.

ಹೀಗೆ ಲೆಕ್ಕ ಹಾಕಿದರೆ ಮಗುವಿಗೆ ಜಾಗ ಇದೆ, ನನಗೆ ಜಾಗ ಇದೆ, ಜಾಗ ಇಲ್ಲದವಳು ನಿನ್ನಮ್ಮ ಒಬ್ಬಳೇ. ಆ ಮಂಡಿಯಲ್ಲಿ ಸರಳು ಹಾಕಿದ ಮೇಲೆ ಅವಳ ಕಾಲು ಮಡಚುವುದಿಲ್ಲ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರೆ ಮಾತ್ರ ಕೂರುತ್ತಾಳೆ. ನಾನು ಟೇಪು ಹಿಡಿದು ಬಗ್ಗಿದ್ದಾಗ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. "ಸಾಕು ಬಿಡಿ, ಅರ್ಥ ಆಯ್ತು," ಅಂದು ಒಳಗೆ ಹೋದಳು.

ಭಾನುವಾರ ಹಳೇ ಸಾಮಾನಿನ ಸಂತೆಗೆ ಹೋಗಿದ್ದೆ. ಒಬ್ಬ ಇಟಲಿಯಿಂದ ತಂದ ಸೀಟು ಇಟ್ಟುಕೊಂಡಿದ್ದ. ಫೋಮು ಎಷ್ಟು ಚೆಂದ ಅಂದರೆ ಬೆರಳು ಒತ್ತಿದರೆ ಹಾಗೇ ಎದ್ದುಬರುತ್ತದೆ. ನೂರು ಲೇಯಿ ಹೇಳಿದ. "ಬೆಲ್ಟಿನ ಅಂಚು ನೂಲು ನೂಲಾಗಿದೆಯಲ್ಲೋ?" ಅಂದೆ. "ತಾತ, ಕೂರೋನು ಮಗು, ಎಮ್ಮೆ ಅಲ್ಲ," ಅಂದ. ಎಂಬತ್ತಕ್ಕೆ ಒಪ್ಪಿಸಿ ದುಡ್ಡು ಕೊಟ್ಟು ಬಂದಿದ್ದೇನೆ. ಬೆಲ್ಟು ನಾನೇ ಹೊಲಿಯುತ್ತೇನೆ. ನನ್ನ ಹೊಲಿಗೆಯ ಮೇಲೆ ಅರ್ಧ ದೇಶ ಕೂತು ಪ್ರಯಾಣ ಮಾಡಿದೆ.

ನಿನ್ನ ಅಪ್ಪ
ಗೆರಾಸಿಮ್


ಜೈಲು
20 ಮಾರ್ಚ್ 2019

ಅಪ್ಪ,

ಬೇಡ. ಬೇಡ ಅಂದರೆ ಬೇಡ. ಆ ಸಂತೆಯವನಿಗೆ ಅವನ ಸೀಟು ಅವನ ಹತ್ತಿರವೇ ಇರಲಿ ಅಂತ ಹೇಳು.

ನನ್ನ ಕೋಣೆಯಲ್ಲಿ ಸ್ತೆಲುತ್ಸಾ ಅಂತ ಒಬ್ಬಳಿದ್ದಾಳೆ. ಮಕ್ಕಳ ಸಾಮಾನಿನ ಅಂಗಡಿಯಲ್ಲಿ ಆರು ವರ್ಷ ಕೆಲಸ ಮಾಡಿದವಳು, ಗಲ್ಲಾಪೆಟ್ಟಿಗೆಗೆ ಕೈಹಾಕಿ ಇಲ್ಲಿಗೆ ಬಂದಿದ್ದಾಳೆ. ನಿನ್ನ ಪತ್ರ ಓದಿ ಹೇಳಿದರೆ ಹಣೆ ಹಣೆ ಚಚ್ಚಿಕೊಂಡಳು. "ನಿಮ್ಮಪ್ಪನಿಗೆ ಹುಚ್ಚಾ? ಒಂದ್ಸಲ ಗುದ್ದಿಸ್ಕೊಂಡ ಸೀಟು ಅಂದ್ರೆ ಒಳಗೆ ಬಿರುಕು ಬಿಟ್ಟಿರುತ್ತೆ ಕಣೇ, ಹೊರಗಿಂದ ಏನೂ ಕಾಣಲ್ಲ. ಯಾವ ಕಾರಿಂದ ಕಿತ್ತಿದ್ದಾರೋ, ಅದರಲ್ಲಿದ್ದ ಮಗು ಏನಾಯ್ತೋ ಯಾರಿಗೆ ಗೊತ್ತು? ಬೆಲ್ಟನ್ನ ಕೈಯಲ್ಲಿ ಹೊಲಿಯೋದಂತೂ ಕೇಳಲೇಬೇಡ," ಅಂದಳು. ಕಳ್ಳಿಯಾದರೂ ಕೆಲಸ ಗೊತ್ತಿದೆ ಅವಳಿಗೆ.

ಅವಳು ಹೇಳಿದ್ದು ಇಷ್ಟು. ಹೊಸದನ್ನೇ ತಗೋ. ಕಡಿಮೆ ಬೆಲೆಯದೂ ಅದೇ ಸರ್ಕಾರಿ ಪರೀಕ್ಷೆ ಪಾಸಾಗಿ ಬಂದಿರುತ್ತದೆ, ಕಿತ್ತಳೆ ಬಣ್ಣದ ಚೀಟಿ ಅಂಟಿಸಿರುತ್ತಾರೆ ನೋಡು. ದುಬಾರಿಯದರಲ್ಲಿ ಹೆಚ್ಚಿರುವುದು ಬಟ್ಟೆ, ಲೋಟ ಇಡುವ ಜಾಗ, ಶೋಕಿ. ಫೋಮು ಒತ್ತಿ ನೋಡಬೇಡ, ಕಾರನ್ನೇ ಅಂಗಡಿಗೆ ತಗೊಂಡು ಹೋಗಿ ಕಟ್ಟಿಸಿ ನೋಡು. ಕಟ್ಟಿದ ಮೇಲೆ ಅಲ್ಲಾಡಿದರೆ ಬಿಟ್ಟು ಬಾ.

ಅಮ್ಮನಿಗೆ ಜಾಗ ಇಲ್ಲದಿದ್ದರೆ ಆ ದಿನ ಅವಳು ಮನೆಯಲ್ಲಿರಲಿ. ಈ ಸಾಲನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ.

ಆಂಗೆಲ್‌ಗೆ ಕೆಳಗೆ ಒಂದು ಹಲ್ಲು ಬಂದಿದೆ. ಎಲ್ಲರಿಗೂ ತೋರಿಸುತ್ತಾನೆ, ಕಾವಲಿನವರಿಗೂ.

ಲಾವಿ


ಫಿಲಿಯಾಶಿ
5 ಮೇ 2019

ಲಾವಿ,

ಸಂತೆಯವನು ನಲವತ್ತು ಮಾತ್ರ ವಾಪಸ್ ಕೊಟ್ಟ. ಬಿಡು, ಪಾಠದ ಫೀಸು.

ಕ್ರಯೋವಾದ ಅಂಗಡಿಗೆ ಹೋದೆ. ಅಲ್ಲಿನ ಹುಡುಗಿ ಮೊದಲು ಒಂಬೈನೂರು ಲೇಯಿಯದನ್ನು ತಂದಳು, ನೋಡಿದರೆ ಮಂತ್ರಿಗಳು ಕೂರುವ ಹಾಗಿತ್ತು. ಪಾರ್ಕಿಂಗಿನಲ್ಲಿ ಕಟ್ಟಲು ಹೋದರೆ ಬಾಗಿಲಲ್ಲೇ ಸಿಕ್ಕಿಕೊಂಡಿತು. ಎರಡನೆಯದು ಒಳಗೆ ಹೋಯಿತು, ಆದರೆ ಒರಗಿಸಿದರೆ ಮುಂದಿನ ಸೀಟು ಮುಚ್ಚಿಯೇ ಹೋಯಿತು. "ಅಜ್ಜ, ಕಾರೇ ಬದಲಾಯಿಸಿ," ಅಂದಳು ಹುಡುಗಿ. "ನಿಮ್ಮಂಗಡೀಲಿ ಕಾರೂ ಮಾರ್ತೀರೇನಮ್ಮಾ?" ಅಂದೆ. ನಕ್ಕಳು, ನಕ್ಕ ಮೇಲೆ ಶ್ರದ್ಧೆಯಿಂದ ಹುಡುಕಿದಳು.

ಮೂರನೆಯದು ಎಲ್ಲಕ್ಕಿಂತ ಅಗ್ಗ. ಮುನ್ನೂರ ಅರವತ್ತು. ಬೂದು ಬಣ್ಣ, ತೆಳ್ಳಗಿನ ಮೈ. ಫೋಮಿನ ವಿಷಯ ಬರೆಯುವುದಿಲ್ಲ, ನನ್ನ ಹೊಟ್ಟೆ ಉರಿಯುತ್ತದೆ. ಆದರೆ ನಿನ್ನ ಕಿತ್ತಳೆ ಚೀಟಿ ಇದೆ. ಸೀಟಿನ ಪಕ್ಕಕ್ಕೆ ಎಳೆದ ಗೆರೆ ನೆಲಕ್ಕೆ ಸಮವಾಗಿ ನಿಂತರೆ ಒರಗಿದ್ದು ಸರಿಯಂತೆ, ಸಮವಾಗಿಯೇ ನಿಂತಿತು. ಬೆಲ್ಟನ್ನು ಹಿಂದಿನಿಂದ ತೂರಿಸಿ, ಮಂಡಿ ಊರಿ ಒತ್ತಿ ಎಳೆದೆವು. ಹುಡುಗಿ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಕಾರೇ ಅಲ್ಲಾಡಿತು, ಸೀಟು ಅಲ್ಲಾಡಲಿಲ್ಲ. ಕೊಂಡೆ. ಮನೆಗೆ ಬರುವಾಗ ಖಾಲಿ ಸೀಟು ಇಟ್ಟುಕೊಂಡು ನಲವತ್ತರ ವೇಗದಲ್ಲಿ ಬಂದೆ. ಹಿಂದಿದ್ದ ಲಾರಿಯವರೆಲ್ಲ ನನ್ನ ವಂಶವನ್ನೇ ಬೈದರು.

ಧೂಳು ಕೂರದಿರಲಿ ಅಂತ ಬಿಚ್ಚಿ ಒಳಗಿನ ಕೋಣೆಯಲ್ಲಿ ಇಟ್ಟಿದ್ದೇನೆ. ನಿನ್ನಮ್ಮ ಸುತ್ತ ಬಂದು ನೋಡಿದಳು. ಪಟ್ಟಿಗಳನ್ನು ಮುಟ್ಟಿದಳು, ಬಕಲು ಹಾಕಿದಳು, ತೆಗೆದಳು. "ಎರಡು ವರ್ಷದ ಮಗೂನೂ ಇದ್ರಲ್ಲಿ ಕೂರಬಹುದಾ?" ಅಂತ ಕೇಳಿದಳು. ನಾಲ್ಕರವರೆಗೂ ಕೂರಬಹುದು ಅಂದೆ. ಅಷ್ಟು ದಿನದ ಮೇಲೆ ಅವಳು ಒಂದು ಪ್ರಶ್ನೆ ಕೇಳಿದಳಲ್ಲ ಅಂತ ನನಗೆ ಸಂತೋಷವಾಯಿತು.

ಅಪ್ಪ


ಫಿಲಿಯಾಶಿ
30 ಜೂನ್ 2019

ಲಾವಿ,

ಹೇಗೆ ಬರೆಯಲಿ ಅಂತ ಒಂದು ವಾರ ಯೋಚಿಸಿದೆ. ಸೀಟು ಇಲ್ಲ. ಕಳುವಾಗಿಲ್ಲ. ನಿನ್ನಮ್ಮ ಅದನ್ನು ಕೊಟ್ಟುಬಿಟ್ಟಳು.

ಇಲಿಂಕಾಗೆ ಎರಡು ವರ್ಷದ ಪೊಮಾನಾ ಮಾಡಿದೆವು. ನಮ್ಮಲ್ಲಿ ಹೇಗೆ ಅಂತ ನಿನಗೆ ಗೊತ್ತು, ಸತ್ತವರ ಹೆಸರಲ್ಲಿ ಬದುಕಿದವರಿಗೆ ಏನು ಕೊಡುತ್ತೇವೋ ಅದೇ ಅವರಿಗೆ ಅಲ್ಲಿ ಸಿಗುತ್ತದೆ. ಮೊದಲ ವರ್ಷ ಬಟ್ಟಲು, ಚಮಚ, ಬೂಟು, ಪುಟ್ಟ ಕುರ್ಚಿ ಕೊಟ್ಟಿದ್ದೆವು. ಈ ಸಲ ಬೇಯಿಸಿದ ಗೋಧಿ ಮತ್ತು ಬನ್ನು ಸಾಕು ಅಂತ ಮಾತಾಗಿತ್ತು. ಪಾದ್ರಿ ಪ್ರಾರ್ಥನೆ ಮುಗಿಸಿ ಧೂಪ ಹಾಕುವ ಹೊತ್ತಿಗೆ ಅಮ್ಮ ಕಾಲೆಳೆದುಕೊಂಡು ಒಳಗೆ ಹೋದಳು. ಸೀಟನ್ನು ಎತ್ತಿಕೊಂಡು ಬಂದಳು. ಕೈಯಿಡುವ ಜಾಗಕ್ಕೆ ಮೇಣದಬತ್ತಿ ಅಂಟಿಸಿ ಹಚ್ಚಿದ್ದಳು. ಪಕ್ಕದ ಮನೆ ರಾಫಿಲಾಳ ಮೊಮ್ಮಗಳಿದೆಯಲ್ಲ, ಎರಡು ವರ್ಷದ್ದು, ಅದನ್ನು ಸೀಟಿನಲ್ಲಿ ಕೂರಿಸಿ ಬಕಲು ಹಾಕಿದಳು. "ತಗೋ ಪುಟ್ಟಾ, ಇದು ನಮ್ಮ ಇಲಿಂಕಾದು," ಅಂದಳು.

ರಾಫಿಲಾ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳು ಏನು ಮಾಡಬೇಕು ಪಾಪ, "ದೇವರು ಅವಳನ್ನ ತಣ್ಣಗಿಟ್ಟಿರಲಿ," ಅಂದುಬಿಟ್ಟಳು. ಆ ಮಾತು ಬಂತು ಅಂದರೆ ದಾನ ಒಪ್ಪಿಕೊಂಡ ಹಾಗೆ, ಮುಗಿಯಿತು. ಮಾರನೇ ದಿನ ರಾಫಿಲಾಳೇ ಬಂದು, "ಗೆರಾಸಿಮಣ್ಣ, ಗುಟ್ಟಾಗಿ ತಗೊಂಡು ಹೋಗಿ, ಅಕ್ಕನಿಗೆ ಹೇಳಲ್ಲ," ಅಂದಳು. ಬಾಗಿಲವರೆಗೂ ಹೋದೆ. ಆಗಲಿಲ್ಲ ಲಾವಿ. ಕೊಟ್ಟದ್ದನ್ನು ತಂದರೆ ಅಲ್ಲಿ ಕೂತ ಇಲಿಂಕಾಳನ್ನು ನಾನೇ ಎಬ್ಬಿಸಿ ನಿಲ್ಲಿಸಿದ ಹಾಗೆ ಅನ್ನಿಸಿತು. ನಂಬುತ್ತೀಯೋ ಬಿಡುತ್ತೀಯೋ.

ಇನ್ನೂ ಒಂದು ಮಾತಿದೆ. ಕೋರ್ಟಿನಲ್ಲಿ ನೀನು ಹೇಳಲಿಲ್ಲ, ನಾನೂ ಹೇಳಲಿಲ್ಲ. ಆ ದಿನ ನಾಮಕರಣದಿಂದ ಹೊರಡುವಾಗ ನೀನು, "ಅಮ್ಮಾ, ಅವಳನ್ನ ಹಿಂದೆ ಅಪ್ಪನ ಹತ್ರ ಕೂರ್ಸು, ಬೆಲ್ಟ್ ಹಾಕು," ಅಂದೆ. ಎರಡು ಸಲ ಅಂದೆ. ಅಮ್ಮ ಕೇಳಲಿಲ್ಲ. ಹಿಂದೆ ಕೂತಿದ್ದ ನಾನು, "ಬಿಡೇ ಲಾವಿ, ಹತ್ತು ನಿಮಿಷದ ದಾರಿ," ಅಂದೆ. ನಿನಗೆ ನೆನಪಿದೆ ಅಂತ ನನಗೆ ಗೊತ್ತು. ನೀನು ಒಂದು ದಿನವೂ ಎತ್ತಿ ಆಡಲಿಲ್ಲ. ಎತ್ತಿ ಆಡಿದ್ದರೆ ಚೆನ್ನಾಗಿತ್ತು.

ಸೀಟು ಇನ್ನೊಂದು ತರುತ್ತೇನೆ. ಹೇಗಾದರೂ ತರುತ್ತೇನೆ.

ಅಪ್ಪ


ಫಿಲಿಯಾಶಿ
14 ಜುಲೈ 2019

ಲಾವಿನಿಯಾ,

ನಾನು ಅಮ್ಮ. ಅಂಚೆಗೆ ಹಾಕಲು ನಿಮ್ಮಪ್ಪನ ಕೈಗೆ ಕೊಡುತ್ತೇನೆ, ಅವರು ಬಿಚ್ಚುವವರಲ್ಲ.

ನೀನು ಸಿಟ್ಟಾಗಿದ್ದೀಯ. ಆಗು. ಆದರೆ ನನ್ನ ಮಾತು ಕೇಳು. ಎರಡು ವರ್ಷದಿಂದ ಇಲಿಂಕಾ ಕನಸಲ್ಲಿ ಬರುತ್ತಿದ್ದಳು. ಒಂದು ದೊಡ್ಡ ಹಜಾರ, ಎಲ್ಲ ಮಕ್ಕಳೂ ಕೂತಿರುತ್ತವೆ, ಇವಳೊಬ್ಬಳು ನಿಂತಿರುತ್ತಾಳೆ. "ಯಾಕೆ ಕಂದಾ ನಿಂತಿದ್ದೀಯ?" ಅಂದರೆ, "ನನ್ನ ಸೀಟು ಕೊಟ್ಟಿಲ್ಲ ಅಜ್ಜಿ," ಅನ್ನುತ್ತಾಳೆ. ಪುಟ್ಟ ಕುರ್ಚಿ ಕೊಟ್ಟೆ, ಆಮೇಲೂ ನಿಂತೇ ಇದ್ದಳು. ನಿಮ್ಮಪ್ಪ ಆ ಬೂದು ಸೀಟು ತಂದು ಕೋಣೆಯಲ್ಲಿ ಇಟ್ಟ ದಿನವೇ ಅದು ಯಾರದು ಅಂತ ನನಗೆ ಗೊತ್ತಾಯಿತು. ಕೊಟ್ಟ ಮೇಲೆ ಅವಳು ಕನಸಿಗೆ ಬಂದಿಲ್ಲ. ಕೂತಿದ್ದಾಳೆ.

ಆಂಗೆಲ್ ಬಗ್ಗೆ ಚಿಂತೆ ಮಾಡಬೇಡ. ಇವರು ಇನ್ನೊಂದು ಸೀಟು ತರುತ್ತಾರಂತೆ, ತರಲಿ. ಗೇಟಿನವರಿಗೆ ತೋರಿಸಬೇಕಲ್ಲ, ತೋರಿಸೋಣ. ಆ ಸೀಟು ಬಂದರೆ ನನಗೆ ಜಾಗ ಇಲ್ಲ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದ್ದೀರಿ. ನಾನು ಬಂದೇ ಬರುತ್ತೇನೆ. ತಿರುವು ದಾಟಿದ ಮೇಲೆ ಮಗುವನ್ನು ನನ್ನ ತೊಡೆಗೆ ತಗೊಳ್ಳುತ್ತೇನೆ. ನಿಮ್ಮಪ್ಪ ಏನೂ ಅನ್ನುವುದಿಲ್ಲ, ಅವರು ಯಾವತ್ತು ಅಂದಿದ್ದಾರೆ?

ಆ ದಿನ ನನ್ನ ಕೈ ಸಡಿಲಾಯಿತು. ನನಗೇ ಗೊತ್ತು, ಯಾರೂ ಹೇಳಬೇಕಾಗಿಲ್ಲ. ಅದಕ್ಕೇ ಈಗ ದಿನಾ ಹತ್ತು ಕಿಲೋ ಹಿಟ್ಟಿನ ಚೀಲ ಎತ್ತಿಕೊಂಡು ಅಂಗಳದಲ್ಲಿ ನಡೆಯುತ್ತೇನೆ. ಮೊದಲು ಗೇಟಿನವರೆಗೆ ಆಗುತ್ತಿತ್ತು, ಈಗ ಹನ್ನೆರಡು ಸುತ್ತು. ಈ ಸಲ ಬಿಡುವುದಿಲ್ಲ.

ಅಮ್ಮ


ಫಿಲಿಯಾಶಿ
18 ಆಗಸ್ಟ್ 2019

ಲಾವಿ ಮಗಳೇ,

ನನ್ನ ಪತ್ರಕ್ಕೂ ಉತ್ತರ ಇಲ್ಲ, ಅಮ್ಮನ ಪತ್ರಕ್ಕೂ ಇಲ್ಲ. ಫೋನಿಗೂ ಬರುತ್ತಿಲ್ಲ. ಆದರೂ ಸಂತೋಷದ ಸುದ್ದಿ ಬರೆಯದೆ ಇರಲಾರೆ.

ಸೀಟು ಬಂತು! ಅದೇ ಅಂಗಡಿ, ಅದೇ ಹುಡುಗಿ, ಅದೇ ಬೂದು ಬಣ್ಣ. "ಏನಜ್ಜ, ಅವಳಿ ಮಕ್ಕಳಾ?" ಅಂದಳು. ಹೂಂ ಅಂದೆ. ನನ್ನ ದೊಡ್ಡ ಹೊಲಿಗೆ ಯಂತ್ರವನ್ನು ಒಬ್ಬ ಸೋಫಾ ಮಾಡುವವನಿಗೆ ಮಾರಿದೆ. ಇರಲಿ ಬಿಡು, ಸೂಜಿಗೆ ದಾರ ಪೋಣಿಸಲು ನನಗೆ ಕಣ್ಣೂ ಕಾಣುವುದಿಲ್ಲ. ಈ ಸಲ ಮನೆಯೊಳಗೆ ಇಡಲಿಲ್ಲ. ಕಾರಿನಲ್ಲೇ ಕಟ್ಟಿ ಬೀಗ ಹಾಕಿದ್ದೇನೆ, ಬೀಗದ ಕೈ ಜೇಬಿನಲ್ಲಿದೆ.

ಇಲಾಖೆಯ ಇಬ್ಬರು ಹೆಂಗಸರು ಬಂದು ಮಂಚ ನೋಡಿದರು, ಕಾರು ನೋಡಿದರು, ಸೀಟನ್ನು ಅಲ್ಲಾಡಿಸಿ ನೋಡಿ ಬರೆದುಕೊಂಡರು. ಎಲ್ಲಾ ಸರಿಯಿದೆ ಅಂದರು. ಕೊನೆಯ ಸಹಿ ತಾಯಿಯದು, ನೀನು ಹಾಕುವುದಷ್ಟೇ ಬಾಕಿಯಂತೆ.

ಅಮ್ಮನಿಗೂ ಉಪಾಯ ಮಾಡಿದೆ. ಮುಂದಿನ ಸೀಟಿನ ಬೆನ್ನೊರಗುವ ಗಾದಿ ಬಿಚ್ಚಿ, ಒಳಗಿನ ಫೋಮನ್ನು ನಾಲ್ಕು ಬೆರಳು ಕೆತ್ತಿ ತೆಗೆದೆ. ಈಗ ಅವಳ ಕಾಲು ಓರೆಯಾಗಿ ಹಿಡಿಸುತ್ತದೆ. ಕೂರಿಸಿ ನೋಡಿದೆ. ಅವಳು ನಕ್ಕಳು ಲಾವಿ. ಈಚೆಗೆ ಎಷ್ಟೋ ಗೆಲುವಾಗಿದ್ದಾಳೆ. ಹಿಟ್ಟಿನ ಚೀಲ ಎತ್ತಿಕೊಂಡು ಅಂಗಳದಲ್ಲಿ ಓಡಾಡುತ್ತಾಳೆ, ತೋಳಿಗೆ ಬಲ ಬರಲಿ ಅಂತ. ಅವಳನ್ನು ಮನೆಯಲ್ಲಿ ಬಿಟ್ಟು ಬರುವುದು ನನ್ನ ಕೈಲಾಗದು. ಬೇಡ ಅನ್ನಲು ನನಗೆ ಬಾಯಿಯೇ ಬರುವುದಿಲ್ಲ, ನಿನಗೆ ಗೊತ್ತಲ್ಲ. ಸೆಪ್ಟೆಂಬರ್ ಇಪ್ಪತ್ತರ ಬೆಳಿಗ್ಗೆ ಇಬ್ಬರೂ ಗೇಟಿನಲ್ಲಿ ಇರುತ್ತೇವೆ. ಬರೀ ನಾಲ್ಕು ಗಂಟೆಯ ದಾರಿ.

ನಿನ್ನ ಅಪ್ಪ


ಜೈಲು
10 ಸೆಪ್ಟೆಂಬರ್ 2019

ಅಪ್ಪ,

ಇಪ್ಪತ್ತಕ್ಕೆ ಬರಬೇಡ. ಆಂಗೆಲ್ ಇಲ್ಲಿಲ್ಲ. ನಿನ್ನೆ ಹೋದ.

ಸಾಕುಮನೆಯ ಕಾಗದಕ್ಕೆ ನಾನೇ ಸಹಿ ಹಾಕಿದೆ. ಯಾರೂ ಬಲವಂತ ಮಾಡಲಿಲ್ಲ. ಮೇಡಮ್ ಎರಡು ಸಲ ಕೇಳಿದರು: "ನಿಮ್ಮಪ್ಪನ ಮನೆ ವರದಿ ಚೆನ್ನಾಗೇ ಇದೆಯಲ್ಲಮ್ಮಾ. ಮತ್ಯಾಕೆ?" ಕಾರಣ ಹೇಳಲಿಲ್ಲ. ಹೇಳಿದ್ದರೆ ಅಮ್ಮನ ಹೆಸರು ಕಡತದಲ್ಲಿ ಸೇರುತ್ತಿತ್ತು. ಅವಳು ಬರೆದ ಪತ್ರ ನನ್ನ ಹತ್ತಿರವೇ ಇದೆ. ಅದರಲ್ಲಿ ಏನಿದೆ ಅಂತ ಅವಳನ್ನೇ ಕೇಳು, ಈ ಸಲ ಕೇಳು.

ಜುಲೈನಿಂದ ನಾನು ಸುಮ್ಮನಿದ್ದೆನಲ್ಲ, ಅದು ಸಿಟ್ಟಲ್ಲ. ಕಾಯುತ್ತಿದ್ದೆ. ನಿನ್ನ ಒಂದು ಪತ್ರದಲ್ಲಿ ಒಂದು ಸಾಲು ಬರಲಿ ಅಂತ. "ಅಮ್ಮನನ್ನು ಕರೆದುಕೊಂಡು ಬರುವುದಿಲ್ಲ," ಅಂತಲೋ, "ಅವಳಿಗೆ ಬೇಡ ಅಂದೆ," ಅಂತಲೋ. ನೀನು ಯಂತ್ರ ಮಾರಿದೆ, ಸೀಟು ತಂದೆ, ಗಾದಿ ಕೆತ್ತಿದೆ. ನನಗಾಗಿ ಇಷ್ಟೆಲ್ಲ ಮಾಡುವವನು ಇನ್ನೊಬ್ಬನಿಲ್ಲ ಅಪ್ಪ. ಆ ಒಂದು ಮಾತು ಮಾತ್ರ ನಿನ್ನ ಬಾಯಲ್ಲಿ ಬರಲಿಲ್ಲ. ನಾಲ್ಕು ಗಂಟೆಯ ದಾರಿಯಲ್ಲಿ ಅವಳು ಕೈಚಾಚಿದರೆ ನೀನು ಕಾರು ನಿಲ್ಲಿಸಿ ಮಗುವನ್ನು ಬಿಚ್ಚಿ ಕೊಡುತ್ತೀಯ. ಇಲ್ಲ ಅನ್ನು ನೋಡೋಣ.

ಅಮ್ಮನ ಮೇಲೆ ನನಗೆ ದ್ವೇಷ ಇಲ್ಲ. ಅವಳ ಕನಸಿನ ಮಾತು ಓದಿ ಮೂರು ದಿನ ಊಟ ಸೇರಲಿಲ್ಲ. ಇಲಿಂಕಾ ಕೂತಿದ್ದರೆ ಕೂತಿರಲಿ. ನಾನೂ ಅದನ್ನೇ ಬೇಡಿಕೊಳ್ಳುತ್ತೇನೆ. ಆದರೆ ಆಂಗೆಲ್ ಬದುಕಿದ್ದಾನೆ.

ಸಾಕುವವಳ ಹೆಸರು ಕಾಮೆಲಿಯಾ. ದಪ್ಪಗಿದ್ದಾಳೆ, ಒರಟು ಮಾತು. ಅಂಗಳದವರೆಗೆ ಹೋಗಲು ಮೇಡಮ್ ನನಗೆ ಐದು ನಿಮಿಷ ಕೊಟ್ಟರು. ಅವಳ ಮುಖ ನೋಡುವ ಮೊದಲು ನಾನು ಅವಳ ಕಾರಿನ ಹಿಂದಿನ ಸೀಟು ನೋಡಿದೆ. ಆಂಗೆಲ್‌ನನ್ನು ನಾನೇ ಕೂರಿಸಿ ಪಟ್ಟಿ ಹಾಕಿದೆ. ಅವನು ಹುಟ್ಟಿದ ಮೇಲೆ ಕಾರು ಕಂಡವನೇ ಅಲ್ಲ. ಬಕಲಿನ ಸದ್ದಿಗೆ ಬೆದರಿ, ಎರಡೂ ಕೈ ಚಾಚಿ ಕಿರುಚಿಕೊಂಡ. ಉಸಿರು ಕಟ್ಟುವಂತೆ ಅತ್ತ. ನನ್ನ ಕೈ ತಾನಾಗಿಯೇ ಬಿಚ್ಚಲು ಹೋಯಿತು ಅಪ್ಪ, ಒಂದು ನಿಮಿಷ ಎತ್ತಿಕೊಂಡು ಸಮಾಧಾನ ಮಾಡೋಣ ಅಂತ.

ಕಾಮೆಲಿಯಾ ನನ್ನ ಮಣಿಕಟ್ಟು ಹಿಡಿದಳು. "ಬೇಡ. ಅಳಲಿ. ಕೂತ್ಕೊಂಡೇ ಅಳಲಿ," ಅಂದಳು.

ಅವಳ ಕೈ ಕೊಡವಿ ಹೊಡೆಯಬೇಕು ಅನ್ನಿಸಿತು. ಕಾಲಿಗೆ ಬೀಳಬೇಕು ಅಂತಲೂ ಅನ್ನಿಸಿತು. ಬಾಗಿಲು ನಾನೇ ಹಾಕಿದೆ. ಅವನು ಹಿಂದಕ್ಕೆ ಮುಖಮಾಡಿ ಕೂತಿದ್ದರಿಂದ ಗೇಟು ದಾಟುವವರೆಗೂ ನನ್ನನ್ನೇ ನೋಡಿಕೊಂಡು ಅಳುತ್ತಾ ಹೋದ.

ಲಾವಿನಿಯಾ